ಗಂಗತ್ತೆಯ ಕೋವಿಗೆ ಹೊಸ ಹಿಡಿ

"ನಿಂಗೆ ಕೋವಿ ಎಂತಕ್ಕೆ ಬೇಕೇ ಗಂಗಕ್ಕಾ? ಹಂದಿಗೆ ಆರತಿ ಎತ್ತೂಕಾ?"

"ಬಾಯಿ ಮುಚ್ಚೇ ನಾಗಿ! ನಿನ್ನ ಗೆಣಸು ಕಾಯ್ತೆ ಅಂತ ನಾ ಎಲ್ಲಾದ್ರೂ ಬರ್ಕೊಟ್ಟಿದ್ನಾ?"

"ಬರ್ಕೊಡೂಕೆ ನಿಂಗೆ ಅಕ್ಷರ ಬತ್ತದಾ? ಬಾಯಲ್ಲಿ ಹೇಳಿದ್ದೆ. ಈಗ ನಾಲ್ಕು ಸಾಲು ಗೆಣಸು ಬುಡಸಮೇತ ಹೋಗದೆ. ಹಂದಿ ನಿನ್ನ ಎದುರಿಗೇ ನಿಂತು ತಿಂದು ತೇಗಿ ಹೋಗದೆ. ನೀ ಕೋವಿ ಕೆಳಗೆ ಬೀಳ್ಸ್ಕಂಡು ಬಾಯಿ ಬಿಟ್ಕಂಡು ಕೂತಿದ್ದೆ!"

ಕಡೆಯ ಮಾತು ಬಿದ್ದ ಕೂಡಲೇ ಅಂಗಳದಲ್ಲಿ ನಿಂತಿದ್ದ ಗಂಗತ್ತೆ ಬಲಗೈಯನ್ನು ಸೆರಗಿನೊಳಗೆ ಅಡಗಿಸಿದಳು. ಪಕ್ಕದ ಮನೆಯ ನಾಗಮ್ಮನಿಗೂ ತಾನು ಆಡಬಾರದ್ದು ಆಡಿದೆ ಎಂದು ಗೊತ್ತಾಯಿತು. ಆದರೆ ಗೆಣಸು ಹೋದ ಹೆಂಗಸು ಒಂದು ಮಾತಿಗೆ ಹಿಂದೆ ಸರಿಯುವವಳಲ್ಲ; ಮೂಗು ಒರೆಸಿಕೊಂಡು ನಿಂತೇ ಇದ್ದಳು.

ಗಂಗತ್ತೆ ನನ್ನ ಅಪ್ಪನ ಅಕ್ಕ. ಆಗ ಅರವತ್ತೆಂಟು ವರ್ಷ. ಕಾರವಾರದ ಆಚೆಯ ಕಿನ್ನರ ಎಂಬ ಊರಿಗೆ ಮದುವೆಯಾಗಿ ಹೋದವಳು, ಗಂಡ ಕಾಳಿ ಹೊಳೆಯಲ್ಲಿ ಮುಳುಗಿ ಸತ್ತ ಮೇಲೆ ಇಪ್ಪತ್ತೆರಡನೇ ವಯಸ್ಸಿಗೇ ತವರೂರು ಹಟ್ಟಿಕೇರಿಗೆ ತಿರುಗಿ ಬಂದಳು. ಅಜ್ಜನಿಗೆ ಬೆಳೆ ಕಾಯುವ ಒಂಟಿ ನಳಿಗೆಯ ಕೋವಿಯೊಂದಿತ್ತು. ನನ್ನ ಅಪ್ಪ ಈಡಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಕೊಟ್ಟಿಗೆ ಸೇರುತ್ತಿದ್ದ. ಅಜ್ಜ ಸಿಟ್ಟಿನಿಂದ ಲೈಸನ್ಸನ್ನು ಮಗಳ ಹೆಸರಿಗೆ ಮಾಡಿಸಿದ. ಅಂದಿನಿಂದ ಗುಡ್ಡದಂಚಿನ ಗದ್ದೆಯಲ್ಲಿ, ನಾಲ್ಕು ಕಂಬದ ಮೇಲೆ ಕಟ್ಟಿದ ಕಾವಲಿನ ಮಾಳದ ಮೇಲೆ ಕೂತವಳು ಅವಳೇ. ನಮ್ಮದಲ್ಲದೆ ಸುತ್ತಲಿನ ಆರು ಮನೆಯ ಗದ್ದೆಯನ್ನೂ ಕಾಯುತ್ತಿದ್ದಳು. ತಮ್ಮನ ಮನೆಯಲ್ಲಿ ಕೂತು ಉಣ್ಣುತ್ತಾಳೆ ಎಂದು ಯಾರಾದರೂ ಅಂದರೆ ಅವಳದೊಂದೇ ಉತ್ತರ: "ನಾ ಬಿಟ್ಟಿ ಉಣ್ಣೂದಿಲ್ಲ. ಕಾದು ಉಣ್ತೆ."

ಆ ಮಳೆಗಾಲ, ಅಂದರೆ ೨೦೦೬ರಲ್ಲಿ, ಚಿಕುನ್‌ಗುನ್ಯಾ ಜ್ವರ ನಮ್ಮೂರಿನ ಒಂದು ಮನೆಯನ್ನೂ ಬಿಡಲಿಲ್ಲ. "ನಾ ಶ್ರಾವಣದಾಗೆ ಕೋಳಿ ಮುಟ್ಲಿಲ್ಲ. ನಂಗೆ ಹೆಂಗೆ ಬಂತು ಈ ಚಿಕನ್ ಜರ?" ಎಂದು ಅತ್ತೆ ಡಾಕ್ಟರರನ್ನೇ ಗದರಿಸಿದಳು. ಜ್ವರ ಐದು ದಿನಕ್ಕೆ ಇಳಿಯಿತು. ಆದರೆ ಬಲಗೈಯ ಬೆರಳು ಮಡಚದಾದವು. ತಂಬಿಗೆ ಹಿಡಿಯಬಹುದು, ಪೊರಕೆ ಹಿಡಿಯಬಹುದು. ಕೋವಿಯ ಸಪೂರ ಕುತ್ತಿಗೆ ಮಾತ್ರ ಕೈಯೊಳಗೆ ನಿಲ್ಲದು. ಹೀಗಾಗಿ ದಸರೆ ಮುಗಿದ ವಾರ ಹಂದಿ ಬಂದಾಗ ಕೋವಿ ಜಾರಿ ಕೆಳಗೆ ಬಿತ್ತು.

ಜಗಳದ ನಡುವೆ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು.

"ನಾಗಮ್ಮಾ, ಕೈಯಲ್ಲಿ ತಪ್ಪಿಲ್ಲ. ತಪ್ಪು ಹಿಡಿಯಲ್ಲಿದೆ. ನಾ ಕೋವಿಗೆ ಹೊಸ ಹಿಡಿ ಹಾಕಿಸ್ತೆ."

ನಮ್ಮ ಕಡೆ ಪೊರಕೆಗೂ ಹಿಡಿ ಎಂದೇ ಹೆಸರು. ನಾಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೋವಿ ತುದಿಗೆ ಹಿಡಿ ಕಟ್ತ್ಯಾ ಮಾಬ್ಲಾ? ಕಟ್ಟು ಕಟ್ಟು. ಹಂದಿ ತಿಂದು ಹೋದ ಮೇಲೆ ಗದ್ದೆ ಗುಡಿಸೂಕೆ ಬತ್ತದೆ."

ನನ್ನ ಹೆಂಡತಿ ರುಕ್ಮಿಣಿ ಬಾಗಿಲ ಹಿಂದೆ ಕಿಸಕ್ಕನೆ ನಕ್ಕಳು. ಅಷ್ಟು ಸಾಕಾಯಿತು. ನಾನು ಮಾಬ್ಲೇಶ್ವರ, ಹಟ್ಟಿಕೇರಿ ಶಾಲೆಯಲ್ಲಿ ಏಳನೇ ಇಯತ್ತೆ ಪಾಸಾದವನು. ಹೆಂಗಸರು ನಕ್ಕ ಕೆಲಸವನ್ನು ಮುಗಿಸದೆ ಬಿಡುವ ಜಾತಿ ನನ್ನದಲ್ಲ.

ಮರುದಿನವೇ ಬಾಳೆಗುಳಿ ಕ್ರಾಸಿಗೆ ಹೋಗಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಅಲ್ಲಿ ಕೋವಿಯ ತೋಟಾ ಮಾರುವ ಒಂದು ಅಂಗಡಿಗೆ ಹೋಗಿ, "ಬೆರಳು ಮಡಚದ ಕೈಗೆ ಒಂದು ಹಿಡಿ ಕೊಡಿ" ಎಂದೆ. ಅಂಗಡಿಯ ಮುದುಕ ಕನ್ನಡಕ ಏರಿಸಿ ನನ್ನನ್ನು ನೋಡಿ, ಬಳಿಕ ಒಳಗಿನಿಂದ ಒಂದು ಬಣ್ಣದ ಪುಸ್ತಕ ತಂದ. ಅಮೆರಿಕದ್ದಂತೆ. ಪುಟಪುಟಕ್ಕೂ ಹಿಡಿಗಳ ಚಿತ್ರ: ರಬ್ಬರಿನದು, ಮರದ್ದು, ಬೆರಳಿಗೊಂದೊಂದು ಗುಳಿ ಇರುವುದು, ಬೆವರು ಜಾರದ್ದು.

"ಇವು ಸೆಮಿ ಆಟೋಮ್ಯಾಟಿಕ್ ರೈಫಲ್ಲಿಂದು. ನಿಮ್ಮ ಒಂಟಿ ನಳಿಗೆಗೆ ಕೂಡ್ರೂದಿಲ್ಲ. ಈ ರೈಫಲ್ಲು ನಮ್ಮ ದೇಶದಾಗ ನಿಮಗೂ ಸಿಗೂದಿಲ್ಲ, ನನಗೂ ಸಿಗೂದಿಲ್ಲ. ನಾನೂ ಬರೇ ಚಿತ್ರ ನೋಡ್ತೀನಿ."

"ಸೆಮಿ ಅಂದರೆ ಎಂತದು?"

"ಅರ್ಧ. ತೋಟಾ ತಾನಾಗೇ ಏರ್ತೈತಿ. ಕುದುರಿ, ಅಂದ್ರ ಟ್ರಿಗರ್ರು, ನಾವು ಎಳೀಬೇಕು."

ಅರ್ಧ ಕೆಲಸ ಕೋವಿಯೇ ಮಾಡುತ್ತದೆ ಎಂದಮೇಲೆ ಅತ್ತೆಗೆ ಹೇಳಿ ಮಾಡಿಸಿದ್ದು ಇದೇ ಎಂದು ನನಗೆ ತೋರಿತು. ಹಿಡಿಯಿಂದಲೇ ಅರ್ಧ ಕೆಲಸ ಆಗುತ್ತದೆಂದು ನಾನು ತಿಳಿದದ್ದು ಮುದುಕನ ತಪ್ಪಲ್ಲ. ಅವನ ಕೈಕಾಲು ಹಿಡಿದು ಪುಸ್ತಕವನ್ನು ಊರಿಗೆ ತಂದೆ.

ಆ ಸಂಜೆ ನಮ್ಮ ಜಗುಲಿಯಲ್ಲಿ ಹೆಣ್ಣು ನೋಡುವ ಶಾಸ್ತ್ರದಷ್ಟು ಜನ. ನಾಗಮ್ಮ ಗೆಣಸಿನ ಸಿಟ್ಟು ಮರೆತು ಎಲ್ಲರಿಗಿಂತ ಮುಂದೆ ಕೂತಿದ್ದಳು.

"ಒಂದನೇದು ಹೆಂಗದೆ?" ಎಂದೆ.

"ಕುಕ್ಕರಿನ ಹಿಡಿ," ಎಂದಳು ರುಕ್ಮಿಣಿ.

"ಎರಡು?"

"ಬಸ್ಸಿನ ಗೇರು," ಎಂದಳು ನಾಗಮ್ಮ. "ಸೆಮಿಗೆ ಆಟೋಮಾಟಿಕ್ ಅಂದ್ರೆ ಶೇಮಿಗೆ ಒತ್ತೂ ಮಿಶನ್ ಅಂತ ಮಾಡಿದ್ದೆ ನಾನು. ಹಬ್ಬಕ್ಕೆ ಅಕ್ಕಿ ನೆನೆಸೂಕೆ ಹಾಕಿ ಬಂದೆ, ಹಾಳಾದ್ದು." ಶೇಮಿಗೆ ಎಂದರೆ ನಮ್ಮ ಕಡೆಯ ಒತ್ತುಶಾವಿಗೆ.

ಅತ್ತೆ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಳು. ಒಂದೊಂದು ಚಿತ್ರದ ಮೇಲೂ ತನ್ನ ಸೆಟೆದ ಅಂಗೈ ಇಟ್ಟು ನೋಡುತ್ತ ಹೋದಳು. ಹದಿನಾಲ್ಕನೆಯ ಚಿತ್ರದಲ್ಲಿ ಕೈ ನಿಂತಿತು. ಅಲ್ಲಿ ಬರೀ ಹಿಡಿ ಇರಲಿಲ್ಲ, ಅದನ್ನು ಹಿಡಿದ ಕೈಯೂ ಇತ್ತು. ಉಗುರು ಕಪ್ಪಾದ, ಗಂಟು ಬಿದ್ದ ಬೆರಳುಗಳು.

"ಇದು ಆತದೆ," ಎಂದಳು.

"ಹಿಡಿ ಲಾಯಕ್ಕದಾ?"

"ಹಿಡಿ ಯಾರು ಕಂಡ್ರಾ? ಕೈ ಕಾಣು. ಕೆಲ್ಸ ಮಾಡಿದ ಕೈ."

ಪಕ್ಕದೂರು ಅವರ್ಸೆಯ ಮರಗೆಲಸದ ಆಚಾರಿಗೆ ಪುಸ್ತಕ ತೋರಿಸಿದರೆ ಅವನು, "ಚಿತ್ರ ನಂಗೆ ಬೇಡ. ಮುದುಕಿ ಮುಷ್ಟಿ ತಕಬಾ" ಎಂದ. ಅತ್ತೆ ಕೆರೆಯ ಜೇಡಿಮಣ್ಣಿನ ಉಂಡೆಯನ್ನು ಬಲಗೈಯಿಂದ ಎಷ್ಟು ಆಗುತ್ತದೋ ಅಷ್ಟು ಒತ್ತಿ ಕೊಟ್ಟಳು. ಮಡಚದ ಎರಡು ಬೆರಳು, ಅರ್ಧ ಮಡಚುವ ಒಂದು, ಅಡ್ಡ ತಿರುಗಿದ ಹೆಬ್ಬೆರಳು, ಎಲ್ಲವೂ ಮಣ್ಣಿನಲ್ಲಿ ಮೂಡಿದವು. ಆ ಉಂಡೆಯನ್ನು ಬಾಳೆಲೆಯಲ್ಲಿ ಸುತ್ತಿ ಸೈಕಲ್ಲಿನ ಮೇಲೆ ಒಯ್ದೆ. ನಾಲ್ಕು ದಿನಕ್ಕೆ ಆಚಾರಿ ಶಿವನೆ ಮರದಲ್ಲಿ ಹಿಡಿ ಕೆತ್ತಿ ಕೊಟ್ಟ. ನೋಡುವುದಕ್ಕೆ ಒಣಗಿದ ಸೂರಣಗಡ್ಡೆಯ ಹಾಗಿತ್ತು. ಅತ್ತೆ ಅದರ ಮೇಲೆ ಕೈ ಇಟ್ಟಳು. ಕೈ ಒಳಗೆ ಹೋಗಿ ಕೂತಿತು.

ಆ ದಿನವಿಡೀ ಅದನ್ನು ಕೈಯಲ್ಲೇ ಇಟ್ಟುಕೊಂಡು ತಿರುಗಾಡಿದಳು. ಉಣ್ಣುವಾಗ ಮಾತ್ರ ಪಕ್ಕಕ್ಕಿಟ್ಟಳು.

ಆಚಾರಿ, "ಕೋವಿ ತಕಬಾ, ಒಂದು ತಾಸಿನ ಕೆಲ್ಸ" ಎಂದಿದ್ದ. ಅಷ್ಟಕ್ಕೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾನು ಬಿಡಲಿಲ್ಲ. ಕೋವಿ ಸರಕಾರದ ಕಾಗದದಲ್ಲಿರುವ ವಸ್ತು. ಅದರ ಮೈ ಮುಟ್ಟುವ ಮೊದಲು ಸರಕಾರದ ಅಪ್ಪಣೆ ಬೇಕು ಎಂದು ನನ್ನ ಏಳನೇ ಇಯತ್ತೆ ಹೇಳಿತು. "ಯಾರೂ ಕೇಳದೆ ಎಂತಕ್ಕೆ ಬರೀತ್ರಿ?" ಎಂದು ರುಕ್ಮಿಣಿ ಅಂದದ್ದಕ್ಕೆ, "ನಿಂಗೆ ಕಾನೂನು ಗುತ್ತದಾ? ಒಲೆ ಕಾಣು, ಹೋಗು" ಎಂದು ಕೂಗಿ, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು, ಕೋವಿಗೆ ಲೈಸನ್ಸು ಕೊಡುವ ಕಾರವಾರದ ಕಚೇರಿಗೆ ಅರ್ಜಿ ಬರೆದೆ. ಅದರ ನಡುವಿನ ಸಾಲು ನನಗೆ ಈಗಲೂ ಬಾಯಿಪಾಠ:

"ಸದರಿ ಲೈಸನ್ಸುದಾರಳಾದ ಗಂಗೂ ಇವಳಿಗೆ ಇತ್ತೀಚೆಗೆ ಹಿಡಿತವಿಲ್ಲದ ಕಾರಣ, ಅವಳ ಕೋವಿಗೆ ಸೆಮಿ ಆಟೋಮ್ಯಾಟಿಕ್ ನಮೂನೆಯ ಹಿಡಿ ಕೂರಿಸಲು ಅಪ್ಪಣೆಯಾಗಬೇಕು."

ಎರಡು ಸಲ ಗಟ್ಟಿಯಾಗಿ ಓದಿದೆ. ಅತ್ತೆ ಕಿವಿಗೊಟ್ಟು ಕೇಳಿ, "ಲಾಯಕ್ಕಾತು. ವಕೀಲ್ರ ಕಾಗದದಂಗೆ ಕೇಳ್ತದೆ" ಎಂದು ಹೆಬ್ಬೆಟ್ಟು ಒತ್ತಿದಳು.

ಹನ್ನೊಂದನೇ ದಿನ ಜೀಪು ಬಂತು. ಇಳಿದವನು ಹರೀಶ ಎಂಬ ಪೊಲೀಸು, ಅಂಕೋಲೆಗೆ ಹೊಸದಾಗಿ ಬಂದವನು. ಒಳ್ಳೆಯ ಹುಡುಗ, ಆದರೆ ಕೈಯಲ್ಲಿ ನನ್ನ ಅರ್ಜಿಯ ನಕಲು ಇತ್ತು. ಸೆಮಿ ಆಟೋಮ್ಯಾಟಿಕ್ ಎಂಬ ಮಾತಿನ ಕೆಳಗೆ ಯಾರೋ ಕೆಂಪು ಗೀಟು ಎಳೆದಿದ್ದರು. ಹಿಡಿತವಿಲ್ಲ ಎಂಬುದರ ಕೆಳಗೆ ಎರಡು ಗೀಟು.

"ಸೆಮಿ ಆಟೋಮ್ಯಾಟಿಕ್ ಎಲ್ಲಿದೆ?" ಎಂದ.

"ಪುಸ್ತಕದಾಗದೆ," ಎಂದೆ.

ಅವನು ನಂಬಲಿಲ್ಲ. ಕಣಜದ ಭತ್ತಕ್ಕೆ ಕೋಲು ಚುಚ್ಚಿ ನೋಡಿದ. ಬಚ್ಚಲ ಹಂಡೆಯೊಳಗೆ ಬಗ್ಗಿ ನೋಡಿದ. ದೇವರ ಪೆಟ್ಟಿಗೆಯ ಮುಂದೆ ಬೂಟು ಬಿಚ್ಚಿ ನಿಂತು, ಕೈ ಮುಗಿದು, ಆಮೇಲೆ ಅದನ್ನೂ ತೆರೆಸಿದ. ಸಿಕ್ಕಿದ್ದು ಬಣ್ಣದ ಪುಸ್ತಕ, ಶಿವನೆ ಮರದ ಹಿಡಿ ಮತ್ತು ಅಜ್ಜನ ಕೋವಿ. ಅಂಗಳದ ಆಚೆ ಇಡೀ ಹಟ್ಟಿಕೇರಿ ನಿಂತಿತ್ತು. ಗಂಗಕ್ಕ ಕಾಡಿನವರಿಗೆ, ಅಂದರೆ ನಕ್ಸಲರಿಗೆ, ಬಂದೂಕು ಮಾಡಿಕೊಡುತ್ತಾಳೆ ಎಂಬ ಸುದ್ದಿ ಅಷ್ಟರಲ್ಲೇ ಅವರ್ಸೆ ದಾಟಿತ್ತು.

ಆಮೇಲೆ ಅವನು ಹೇಳಿಕೆ ಬರೆದುಕೊಳ್ಳಲು ಕೂತ. ಎಲ್ಲರಿಗೂ ಒಂದೇ ಪ್ರಶ್ನೆ: ಈ ಅಜ್ಜಿಗೆ ಹಿಡಿತ ಇದೆಯೋ ಇಲ್ಲವೋ?

ನಾಗಮ್ಮ ಜಗಳದ ಪಾಪ ತೊಳೆದುಕೊಳ್ಳಲು ಮುಂದೆ ಬಂದಳು. ಮನಸ್ಸಿನಲ್ಲಿ ಇದ್ದದ್ದು ಹೊಗಳಿಕೆಯೇ. "ಎಂತಾ ಹಿಡಿತ ಸಾಯ್ಬ್ರೆ? ಗಂಗಕ್ಕನ್ನ ಹಿಡಿಯೂ ಗಂಡಸು ಈ ಊರಲ್ಲಿ ಹುಟ್ಲಿಲ್ಲ! ಎದ್ರೆ ಹುಲಿ!"

ಹರೀಶ ಬರೆದುಕೊಂಡ: ಯಾರ ಹಿಡಿತಕ್ಕೂ ಸಿಗುವುದಿಲ್ಲ.

ಕೆಳಗಿನಮನೆ ಹೊನ್ನ, "ಬಾಯಿಗೆ ಮಾತ್ರ ಹಿಡಿತ ಇಲ್ಲ. ಮನಸ್ಸು ಬಂಗಾರ" ಎಂದ. ಬಂಗಾರವನ್ನು ಹರೀಶ ಬರೆಯಲಿಲ್ಲ.

ರುಕ್ಮಿಣಿಗೆ ಮಾತ್ರ ಇದು ಕೆಟ್ಟ ದಾರಿ ಹಿಡಿಯುತ್ತಿದೆ ಎಂದು ಹೊಳೆಯಿತು. ಸರಿಮಾಡುತ್ತೇನೆಂದು ಓಡಿ ಬಂದು, "ಇಲ್ಲ ಸಾಯ್ಬ್ರೆ, ಇವ್ರಿಗೆ ಹಿಡಿತ ಜಾಸ್ತಿ. ಚಾಕ್ಕೆ ಸಕ್ರೆ ಹಾಕೂಕೂ ಬಿಡೂದಿಲ್ಲ" ಎಂದಳು.

"ನಿನ್ನ ಸಕ್ರೆ ಡಬ್ಬಿಗೆ ಬೆಂಕಿ ಬೀಳ್ಲಿ!" ಎಂದು ಅತ್ತೆ ಕೂಗಿ, ಮರದ ಹಿಡಿಯನ್ನೇ ಎತ್ತಿ ರುಕ್ಮಿಣಿಯ ಕಡೆ ಬೀಸಿದಳು. ತಾಗಲಿಲ್ಲ. ಆದರೆ ಸರಕಾರದ ಎದುರಿಗೆ ಬೀಸಿದ್ದಾಗಿತ್ತು.

ಹರೀಶ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕಿಕೊಂಡ. "ವಿಚಾರಣೆ ಮುಗಿಯೂವರೆಗೆ ಸ್ಟೇಷನ್ನಲ್ಲಿ ಇರ್ತದೆ ಅಜ್ಜಿ. ಬೇಜಾರ ಮಾಡ್ಕೊಬೇಡಿ," ಎಂದ. ಅತ್ತೆ ಜೀಪಿನ ಹಿಂದೆ ರಸ್ತೆಯವರೆಗೂ ನಡೆದು ಹೋದಳು. ತಿರುಗಿ ಬಂದವಳು ಒಂದು ಹಳೆಯ ಎಣ್ಣೆ ಡಬ್ಬಿ ಮತ್ತು ಕೋಲು ಹಿಡಿದು ಮಾಳಕ್ಕೆ ಹೋದಳು. ಹದಿನೈದು ದಿನ ಡಬ್ಬಿ ಬಡಿದು ಗದ್ದೆ ಕಾದಳು. ಡಬ್ಬಿಯ ಸದ್ದು ಏನೂ ಮಾಡುವುದಿಲ್ಲ ಎಂದು ಹಂದಿಗಳಿಗೆ ಮೂರನೇ ದಿನವೇ ತಿಳಿದಿತ್ತು. ಆರೂ ಮನೆಯವರು ಅವಳ ಎದುರಿಗೆ ಏನೂ ಅನ್ನಲಿಲ್ಲ. ಆ ಮೌನ ಅವಳಿಗೆ ನಾಗಮ್ಮನ ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. ಒಂದು ದಿನ ತಟ್ಟೆಯ ಮುಂದೆ ಕೂತು, "ನಂಗೆ ಅರ್ಧ ಸಾಕು" ಎಂದು ಅನ್ನ ತೆಗೆಸಿದಳು.

ವಿಚಾರಣೆಗೆ ಬರಲು ನೋಟೀಸಿನಲ್ಲಿ ಹೇಳಿದ ದಿನ ಇಬ್ಬರೂ ಕಾರವಾರದ ಬಸ್ಸು ಹತ್ತಿದೆವು. ಅತ್ತೆ ಮದುವೆಮನೆಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಮರದ ಹಿಡಿ ಕೈಚೀಲದಲ್ಲಿತ್ತು. ಅರಗಾದಲ್ಲಿ ನೌಕಾನೆಲೆಯ ಗೇಟಿನೆದುರು ಬಸ್ಸು ನಿಂತಿತು. ಪಹರೆಯ ಜವಾನನ ಕೈಯಲ್ಲಿ ಕರಿಯ ರೈಫಲ್ಲು, ಅದಕ್ಕೆ ದಪ್ಪನೆಯ ಕರಿಯ ಹಿಡಿ.

"ಮಾಬ್ಲಾ, ಕಾಣಾ. ನಿನ್ನ ಪುಸ್ತಕದ್ದೇ," ಎಂದು ಅತ್ತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು. ಬಹಳ ಹೊತ್ತು ನೋಡಿ, ಬಸ್ಸು ಹೊರಟ ಮೇಲೆ ಕೇಳಿದಳು: "ಅಂವಂಗೆ ಬೆರಳೆಲ್ಲ ಮಡಚ್ತದಲಾ. ಅಂವಂಗೆ ಎಂತಕ್ಕೆ ಅಷ್ಟು ದಪ್ಪ ಹಿಡಿ?"

"ಸುಮ್ನೆ ಕೂತ್ಕೋ, ಗಾಳಿ ಬತ್ತದೆ" ಎಂದು ಗದರಿದೆ.

ಕಚೇರಿಯಲ್ಲಿ ನಮ್ಮ ಕಡತ ನೋಡುತ್ತಿದ್ದವರು ಯಜ್ಞೇಶ್ವರ ಭಟ್ಟರು ಎಂಬ ಗುಮಾಸ್ತರು. ಕಡತ ನಾನು ಬರೆದ ಒಂದು ಹಾಳೆಯಿಂದ ಇಟ್ಟಿಗೆಯಷ್ಟು ದಪ್ಪವಾಗಿ ಬೆಳೆದಿತ್ತು. ಅವರು ನನ್ನನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ, "ಅಲ್ಲ ಮಾರಾಯರೆ, ಅರ್ಜಿ ಕೊಡಲಿಕ್ಕೆ ನಿಮಗೆ ಹೇಳಿದವರು ಯಾರು? ಆಚಾರಿಯ ಹತ್ತಿರ ಸುಮ್ಮನೆ ಕೂರಿಸಿಕೊಂಡಿದ್ದರೆ ಯಾರು ಕೇಳುತ್ತಿದ್ದರು?" ಎಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಒಳಗೆ ಲೈಸನ್ಸಿನ ಸಾಹೇಬರು ಕಡತ ಬಿಡಿಸಿದರು.

"ಅಜ್ಜಿಗೆ ಹಿಡಿತವಿಲ್ಲ ಎಂದು ಬರೆದವರು ನೀವೇನಾ?"

"ಹೌದು ಸಾಹೇಬ್ರೆ. ಆದ್ರೆ ತಲೆ ಹಿಡಿತ ಅಲ್ಲ. ಕೈ ಹಿಡಿತ."

"ಅಂದರೆ ತಲೆ ಸರಿಯಿದೆ."

"ಅಗದೀ ಸರಿಯದೆ! ನಂದಕ್ಕಿಂತ ಲಾಯಕ್ಕದೆ."

"ಕೈಗೆ ಮಾತ್ರ ಹಿಡಿತವಿಲ್ಲ."

"ಹೌದ್ರಿ! ಅಷ್ಟೇ!" ಎಂದೆ, ಕೇಸು ಗೆದ್ದವನ ಹಾಗೆ ಮೇಜಿನ ಮೇಲೆ ಕೈಯೂರಿ.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಕೈಗೆ ಹಿಡಿತವಿಲ್ಲದವರಿಗೆ ಕೋವಿ ಕೊಡುವುದು ಹೇಗೆ?"

ತಲೆ ಉಳಿಸಲು ಹೋಗಿ ಕೈ ಕೊಟ್ಟು ಕೂತಿದ್ದೆ. ಅವಸರದಲ್ಲಿ ಚೀಲದಿಂದ ಮರದ ಹಿಡಿ ತೆಗೆದು ಮೇಜಿನ ಮೇಲಿಟ್ಟೆ.

"ಇದೇನಾ ಸೆಮಿ ಆಟೋಮ್ಯಾಟಿಕ್?" ಎಂದರು ಸಾಹೇಬರು.

"ಶಿವನೆ ಮರ ಸರ್," ಎಂದರು ಭಟ್ಟರು.

ಸಾಹೇಬರು ಅದನ್ನು ಆ ಕಡೆ ಈ ಕಡೆ ತಿರುಗಿಸಿ ಹಿಡಿದು ನೋಡಿದರು. ಭಟ್ಟರೂ ಹಿಡಿದರು. ಯಾರ ಕೈಗೂ ಕೂರಲಿಲ್ಲ. "ಇದು ಮನುಷ್ಯರ ಕೈಗೆ ಮಾಡಿದ್ದೇ ಅಲ್ಲವಲ್ಲ!"

"ನಂದಕ್ಕೆ ಆತದೆ," ಎಂದಳು ಅತ್ತೆ. ಎದ್ದು ಹಿಡಿಯನ್ನು ಬಲಗೈಗೆ ತೆಗೆದುಕೊಂಡಳು. ಎಡಗೈಯನ್ನು ಇಲ್ಲದ ನಳಿಗೆಯ ಕೆಳಗೆ ಚಾಚಿ, ಕತ್ತು ವಾಲಿಸಿ, ಒಂದು ಕಣ್ಣು ಮುಚ್ಚಿದಳು. ಹಿಡಿ ಅಲುಗಲಿಲ್ಲ. ಸಾಹೇಬರು ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡರು.

"ಸಾಕಮ್ಮ, ಇಳಿಸಿ," ಎಂದರು ಅವರು, ಮೊದಲಿಗಿಂತ ಮೆತ್ತಗೆ. "ನಾನು ಕಂಡೆ. ಆದರೆ ಕಡತದಲ್ಲಿ ನಿಮ್ಮ ಮನೆಯವರದೇ ಬರಹ ಉಂಟು, ಊರವರದೇ ಹೇಳಿಕೆ ಉಂಟು. ಅದನ್ನು ನಾನು ಅಳಿಸಲಾರೆ. ದಾರಿ ಎರಡೇ. ಕೋವಿ ಸರಕಾರಕ್ಕೆ ಜಮಾ, ಇಲ್ಲವೇ ಲೈಸನ್ಸು ಇವರ ಹೆಸರಿಗೆ."

ಇವರು ಅಂದರೆ ನಾನು. ಭಟ್ಟರು ಕಾಗದ ಮುಂದಿಟ್ಟು ಪೆನ್ನು ಕೊಟ್ಟರು.

"ಹೆಸರು ಮಾತ್ರ ನಂದು ಅತ್ತೆ," ಎಂದೆ. "ಕೋವಿ ನಿಂದೇ."

"ಹಾಗೆಲ್ಲ ಇಲ್ಲ," ಎಂದರು ಸಾಹೇಬರು. "ಹೆಸರು ಇದ್ದವರನ್ನು ಬಿಟ್ಟು ಬೇರೆಯವರು ಅದನ್ನು ಮುಟ್ಟುವ ಹಾಗಿಲ್ಲ."

ಅತ್ತೆ ನನ್ನನ್ನು ನೋಡಿದಳು. ಆಗ ನಾನು ಪೆನ್ನು ಕೆಳಗಿಡಬಹುದಿತ್ತು. ಹಾಳಾಗಿ ಹೋಗಲಿ, ಸರಕಾರಕ್ಕೇ ಜಮಾ ಮಾಡಿ ಎನ್ನಬಹುದಿತ್ತು. ಕೋವಿ ಮನೆಗೆ ಬಂದರೆ ಸಾಕು ಎಂದು ನನಗೆ ಅನ್ನಿಸಿತ್ತು. ಸಹಿ ಹಾಕಿದೆ.

ಅತ್ತೆಯ ಹೆಬ್ಬೆಟ್ಟೂ ಬೇಕಾಗಿತ್ತು. ಅಡ್ಡ ತಿರುಗಿದ ಬೆರಳು ಕಾಗದದ ಮೇಲೆ ಸಮನಾಗಿ ಕೂರದೆ, ಭಟ್ಟರೇ ಎದ್ದು ಬಂದು ಅದನ್ನು ಹಿಡಿದು ಒತ್ತಿಸಿದರು. ಶಾಯಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. ಅವಳು ತೆಗೆದುಕೊಳ್ಳಲಿಲ್ಲ.

"ಇದಕ್ಕೇನಾ ಮಾಬ್ಲಾ?" ಎಂದಳು.

"ಎಂತದು?"

"ಕೋವಿ ಬೇಕು ಅಂತ ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ನಲಾ."

"ಹುಚ್ಚು ಮಾತು ಆಡ್ಬೇಡ ಅತ್ತೆ! ನಾ ನಿಂಗೆ ಹಿಡಿ ಮಾಡ್ಸೂಕೆ ಹುಬ್ಬಳ್ಳಿಗೆ..." ಎಂದು ನಾನು ಕೂಗತೊಡಗಿದೆ. ಸಾಹೇಬರು ಕೈಯೆತ್ತಿ ಸುಮ್ಮನಿರಿಸಿದರು. ಅತ್ತೆ ಭಟ್ಟರ ಕಡೆ ತಿರುಗಿದಳು.

"ಇನ್ನು ನನ್ನ ಕೆಲ್ಸ ಎಂತಾರೂ ಉಂಟಾ ಇಲ್ಲಿ?"

"ನಿಮ್ಮದು ಮುಗಿಯಿತಮ್ಮ. ಇವರದು ಇನ್ನೆರಡು ಸಹಿ ಉಂಟು."

"ಹಂಗಾರೆ ಹೋಗ್ತೆ."

ನಮ್ಮ ಕಡೆ ಎದ್ದು ಹೊರಡುವವರು ಬತ್ತೆ ಎನ್ನುತ್ತಾರೆ. ನೆಂಟರ ಮನೆಯಿಂದಲೂ ಬತ್ತೆ, ಅಂಗಡಿಯಿಂದಲೂ ಬತ್ತೆ. ಜಗಳವಾಡಿ ಹೊರಟ ನಾಗಮ್ಮ ಕೂಡ ಅಂಗಳ ದಾಟುವಾಗ ಬತ್ತೆ ಎಂದೇ ಅಂದಿದ್ದಳು. ಹೋಗ್ತೆ ಎಂಬ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ.

"ಬತ್ತೆ ಅನ್ನೇ ಅತ್ತೆ," ಎಂದೆ, ತಲೆ ಎತ್ತದೆ, ಎರಡನೇ ಸಹಿ ಹಾಕುತ್ತ.

ಮೂರನೇ ಸಹಿ ಮುಗಿಸಿ ಹೊರಗೆ ಬಂದಾಗ ಪಡಸಾಲೆಯ ಬೆಂಚು ಖಾಲಿಯಿತ್ತು. ನೀರು ಕುಡಿಯಲು ಹೋಗಿರಬೇಕೆಂದು ನಳದ ಹತ್ತಿರ ನೋಡಿದೆ. ಬಸ್ ನಿಲ್ದಾಣಕ್ಕೆ ಓಡಿದೆ. ಹಸಿರು ಸೀರೆಯ ಮುದುಕಿ ಕಿನ್ನರದ ಬಸ್ಸು ಹತ್ತಿ ಹೋಗಿ ಹತ್ತು ನಿಮಿಷವಾಯಿತು ಎಂದು ಚಹಾ ಅಂಗಡಿಯವನು ಹೇಳಿದ. ಗಂಡನ ಊರು. ನಲವತ್ತಾರು ವರ್ಷದಿಂದ ಅವಳು ಕಾಲಿಡದ ಊರು.

"ಯಾರಾದರೂ ಕೇಳಿದ್ರೆ ಹೇಳು ಅಂತ ಎಂತಾದ್ರೂ ಹೇಳಿದ್ಲಾ?" ಎಂದು ಕೇಳಿದೆ.

"ಇಲ್ಲ," ಎಂದ ಅವನು. "ಎಂತದೂ ಹೇಳ್ಲಿಲ್ಲ."

ಅವಳು ಹಟ್ಟಿಕೇರಿಗೆ ಮತ್ತೆ ಬರಲಿಲ್ಲ.